ಕಂಬದ ಮರೆಯಲ್ಲಿ ನಿಂತು ನೋಡುವವರು

ಅಂಗಳದ ಒಂದು ಮೂಲೆಯಲ್ಲಿ ದಪ್ಪನೆಯ ಕಂಬವಿದೆ. ಬೆಳಗಿನ ಪಾಳಿ ಮುಗಿಸಿದ ಸ್ವಚ್ಛತಾ ಸಿಬ್ಬಂದಿಯ ಮಹಿಳೆಯೊಬ್ಬರು ಪ್ರತಿದಿನ ಅದರ ಮರೆಗೆ ಬಂದು ನಿಲ್ಲುತ್ತಿದ್ದರು. ಹೆಗಲಲ್ಲಿ ಚೀಲ, ಬದಲಿಸಿಕೊಂಡ ಉಡುಪು. ನೋಡಿದರೆ ಹೊರಟು ನಿಂತವರ ಹಾಗೆಯೇ ಇರುತ್ತಿದ್ದರು, ಆದರೆ ಐದಾರು ನಿಮಿಷ ಹೊರಡುತ್ತಿರಲಿಲ್ಲ. ಕಂಬಕ್ಕೆ ಭುಜ ತಾಗಿಸಿ, ಕಟ್ಟಡದೊಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ನೋಡುತ್ತಿದ್ದರು. ಯಾರದೋ ನಡಿಗೆ ಕಂಡು ಮುಗುಳ್ನಗುತ್ತಿದ್ದರು. ಯಾರಾದರೂ ಓಡಿದರೆ ಅವರು ಬಾಗಿಲು ತಲುಪುವವರೆಗೂ ಕಣ್ಣು ಕೀಳುತ್ತಿರಲಿಲ್ಲ. ಆಮೇಲೆ ಚೀಲ ಸರಿಪಡಿಸಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆಯುತ್ತಿದ್ದರು.

ಎರಡನೆಯ ವಾರ ಅವರನ್ನು ಮಾತನಾಡಿಸಿದೆ. ಕುಳಿತು ನೋಡಬಾರದೇ ಎಂದು ಕೇಳಿದೆ. ಕುಳಿತರೆ ಯಾರಾದರೂ ಬಂದು ಇಲ್ಲೇನು ಕೆಲಸ ಎನ್ನುತ್ತಾರೆ, ನಿಂತಿದ್ದರೆ ಹೊರಟಿದ್ದಾಳೆ ಎಂದುಕೊಂಡು ಸುಮ್ಮನಿರುತ್ತಾರೆ ಎಂದರು. ಆರು ಗಂಟೆ ಅದೇ ನೆಲವನ್ನು ಗುಡಿಸಿ ಒರೆಸಿದವರ ಮಾತು ಇದು. ಮುಂದಿನ 14 ತಿಂಗಳು ನಾನು ಮಾಡಿದ ಕೆಲಸವೆಲ್ಲ ಈ ಉತ್ತರದ ಸುತ್ತಲೇ ತಿರುಗಿತು.

ನಾನು ನಗರದ ತೆರೆದ ಜಾಗಗಳ ವಿನ್ಯಾಸಕಿ. ಮೂರು ಕಚೇರಿ ಕಟ್ಟಡಗಳ ನಡುವಿನ ಈ ಅಂಗಳಕ್ಕೆ ಜೀವ ತುಂಬಿಕೊಡಿ ಎಂದು ಕಟ್ಟಡದ ಆಡಳಿತ ನನ್ನನ್ನು ಕರೆಸಿತ್ತು. ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲ. ಒಂದು ಬದಿ ರಸ್ತೆ, ರಸ್ತೆಯಾಚೆ ಬಸ್ ನಿಲ್ದಾಣ. ನಿಯಮದ ಪ್ರಕಾರ ಅದು ಎಲ್ಲರಿಗೂ ತೆರೆದ ಜಾಗ, ಏಕೆಂದರೆ ಅದನ್ನು ತೆರೆದಿಡುವುದಾಗಿ ಒಪ್ಪಿಕೊಂಡೇ ಕಟ್ಟಡದವರು ಹೆಚ್ಚುವರಿ ಮಹಡಿ ಕಟ್ಟುವ ಅನುಮತಿ ಪಡೆದಿದ್ದರು.

ಈ ಬಗೆಯ ಕೊಡುಕೊಳ್ಳುವಿಕೆಯ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕ್ ನಗರದ 1961ರ ವಲಯ ನಿಯಮ, ಅಂದರೆ ಎಲ್ಲಿ ಏನು, ಎಷ್ಟು ಕಟ್ಟಬಹುದೆಂದು ಹೇಳುವ ನಿಯಮ. ಅಲ್ಲಿ ಬಿಲ್ಡರ್ ತನ್ನ ಜಾಗದಲ್ಲಿ ತೆರೆದ ಚೌಕ ಮಾಡಿ ಜನರಿಗೆ ಬಿಟ್ಟರೆ, ಅದರ ಒಂದೊಂದು ಚದರ ಅಡಿಗೂ ಹತ್ತು ಚದರ ಅಡಿಯವರೆಗೆ ಹೆಚ್ಚುವರಿ ಕಟ್ಟಡ ಎಬ್ಬಿಸಬಹುದಿತ್ತು. ಚೌಕಗಳು ಸಾಲುಸಾಲಾಗಿ ಹುಟ್ಟಿದವು, ಬಹಳಷ್ಟು ಖಾಲಿ ಬಿದ್ದವು. ವಿಲಿಯಂ ಎಚ್. ವೈಟ್ ಎಂಬ ಲೇಖಕ 1970ರ ದಶಕದಲ್ಲಿ ತನ್ನ ತಂಡ ಕಟ್ಟಿಕೊಂಡು, ಕ್ಯಾಮೆರಾ ಹಿಡಿದು ಆ ಚೌಕಗಳಲ್ಲಿ ಜನ ಏನು ಮಾಡುತ್ತಾರೆಂದು ವರ್ಷಗಟ್ಟಲೆ ನೋಡಿದರು. ಅವರು ಕಂಡುಕೊಂಡದ್ದು ಎಷ್ಟು ಸರಳವೆಂದರೆ ಈಗಲೂ ನನಗೆ ಬೆರಗಾಗುತ್ತದೆ: ಜನರನ್ನು ಸೆಳೆಯುವುದು ಬೇರೆ ಜನರೇ, ಮತ್ತು ಕುಳಿತುಕೊಳ್ಳಲು ಜಾಗವಿದ್ದಲ್ಲಿ ಜನ ಕುಳಿತುಕೊಳ್ಳುತ್ತಾರೆ. ಅವರ ಕೆಲಸದ ಫಲವಾಗಿ 1975ರಲ್ಲಿ ನಿಯಮ ತಿದ್ದುಪಡಿಯಾಯಿತು. ಚೌಕದ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಕಡ್ಡಾಯವಾಯಿತು.

ನಮ್ಮ ಅಂಗಳದಲ್ಲಿ ಆಸನಗಳಿಗೇನೂ ತೀರಾ ಕೊರತೆಯಿರಲಿಲ್ಲ. ಆದರೂ ಆ ಮಹಿಳೆ ಕಂಬದ ಹಿಂದೆ ನಿಂತಿದ್ದರು. ಅಂದರೆ ವೈಟ್ ಅವರ ಸೂತ್ರದ ಮುಂದೆ ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಕುಳಿತು ನೋಡುವವರು ಯಾರು, ಯಾರ ಕಣ್ಣಿಗೆ ಬೀಳುತ್ತೇವೋ ಎಂದು ಅಂಜಿ ದಾಟಿಹೋಗುವವರು ಯಾರು?

ವೈಟ್ ಅವರ ತಂಡದ ಹಾಗೆ ನಾನೂ ಮೊದಲು ಎತ್ತರದಲ್ಲಿ ಕ್ಯಾಮೆರಾ ಇಡಿಸಿದೆ. ನಾಲ್ಕನೆಯ ದಿನವೇ ತೆಗೆಸಿದೆ. ಆಗಲೇ ಅಲ್ಲಿ ಭದ್ರತೆಯ ಕ್ಯಾಮೆರಾಗಳು ಬೇಕಾದಷ್ಟಿದ್ದವು. ಮೇಲಿಂದ ಒಬ್ಬರು ನೋಡುವುದು, ಕೆಳಗಿರುವವರು ತಾವು ಕಾಣಿಸುತ್ತಿದ್ದೇವೆಂದು ಅರಿತು ಮುದುಡಿಕೊಳ್ಳುವುದು, ನಾನು ಬಿಡಿಸಲು ಬಂದ ಗಂಟೇ ಅದು. ಆಮೇಲೆ ಕಾಗದ, ಪೆನ್ಸಿಲ್ ಹಿಡಿದು ನೆಲದ ಮೇಲೆ ಕುಳಿತೆ. ನಾನೂ ಎಲ್ಲರಿಗೂ ಕಾಣುವಂತೆ ಕುಳಿತೆ. ಪ್ರತಿ ಗಂಟೆಗೊಮ್ಮೆ ಹತ್ತು ನಿಮಿಷ. ಅಂಗಳದ ನಕ್ಷೆಯ ಮೇಲೆ ನಿಂತವರಿಗೆ ಒಂದು ಗುರುತು, ಕುಳಿತವರಿಗೆ ಇನ್ನೊಂದು, ಅವರು ಮುಖ ಮಾಡಿದ ದಿಕ್ಕಿಗೆ ಒಂದು ಬಾಣ. ಹೆಸರಿಲ್ಲ, ಗುರುತು ಹಿಡಿಯುವಂಥ ವಿವರವಿಲ್ಲ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಯಾರು ಎಷ್ಟು ಹೊತ್ತು ಉಳಿದರು ಎನ್ನುವುದೇ ನನಗೆ ಮುಖ್ಯವಾಗಿತ್ತು.

ಹೀಗೆ ಕುಳಿತು ಬರೆಯತೊಡಗಿದ ಮೂರನೆಯ ದಿನ ಒಂದು ಹೊಸ ಅಂಕಣ ಸೇರಿಸಿದೆ. ತಲೆಬರಹ: ನೆಪ. ಆ ವ್ಯಕ್ತಿಯ ಕೈಯಲ್ಲಿ ಏನಿದೆ? ಮೊಬೈಲ್, ಕಾಗದದ ಲೋಟ, ಕಡತ, ಪೊರಕೆ, ಮಗು, ಹೆಲ್ಮೆಟ್, ಕೊರಳಲ್ಲಿ ಗುರುತಿನ ಚೀಟಿ. ಈ ಅಂಕಣವೇ ಮಿಕ್ಕೆಲ್ಲ ಅಂಕಣಗಳಿಗಿಂತ ಹೆಚ್ಚು ಕಲಿಸಿತು. ಕೊರಳಲ್ಲಿ ಚೀಟಿ ಇದ್ದ ಗಂಡಸರು ಬರಿಗೈಯಲ್ಲಿ, ಕಾಲು ಚಾಚಿ, ಆಚೀಚೆ ನೋಡುತ್ತಾ ಕುಳಿತಿರುತ್ತಿದ್ದರು. ಬರಿಗೈಯಲ್ಲಿ ಕುಳಿತ ಹೆಂಗಸರು ಬಹಳ ಅಪರೂಪ. ಅವರು ಮೊಬೈಲ್ ನೋಡುತ್ತಿರುತ್ತಿದ್ದರು, ಅಥವಾ ನೋಡುವಂತೆ ಹಿಡಿದು ಅದರ ಅಂಚಿನ ಮೇಲಿಂದ ಅಂಗಳವನ್ನು ನೋಡುತ್ತಿದ್ದರು. ಪೊಟ್ಟಣ ತಲುಪಿಸಲು ಬಂದ ಹುಡುಗರು ತಮ್ಮ ಬೈಕಿನ ಮೇಲೆಯೇ ಕುಳಿತಿರುತ್ತಿದ್ದರು. ಬೈಕು ಅವರ ನೆಪವೂ ಹೌದು, ಅವರದೇ ಆದ ಆಸನವೂ ಹೌದು. ನನ್ನ ಬಗ್ಗೆಯೂ ಹೇಳಬೇಕು. ಕೈಯಲ್ಲಿ ನಕ್ಷೆಯಿದ್ದಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಸಂಜೆ ಅದನ್ನು ಚೀಲಕ್ಕೆ ಹಾಕಿ ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ನನ್ನ ಕೈ ತಾನಾಗಿ ಮೊಬೈಲ್ ಹುಡುಕಿತು.

ಇದು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಾ ಜನರನ್ನು ನೋಡುವ ಫ್ಲಾನರ್ ಎಂಬ ವ್ಯಕ್ತಿಯನ್ನು ಸಾಹಿತ್ಯ ಕೊಂಡಾಡಿತು. ಆತ ಗಂಡಸು, ಬಿಡುವಿದ್ದವನು. ಅದೇ ನಗರದಲ್ಲಿ 1830ರ ದಶಕದ ಆರಂಭದಲ್ಲಿ ಲೇಖಕಿ ಜಾರ್ಜ್ ಸ್ಯಾಂಡ್ ಬೀದಿಯಲ್ಲಿ ನಿರಾತಂಕವಾಗಿ ನಡೆದಾಡುವುದಕ್ಕಾಗಿ ಗಂಡಸಿನ ಕೋಟು, ಬೂಟು ತೊಟ್ಟರು. ಅವರ ಕೋಟೂ ನನ್ನ ಅಂಕಣದಲ್ಲಿ ನೆಪವೆಂದೇ ದಾಖಲಾಗುತ್ತಿತ್ತು.

ನೋಡುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಪದಗಳಿವೆ. ಕಣ್ಣಾಡಿಸುವುದು ಬೇರೆ, ದಿಟ್ಟಿಸುವುದು ಬೇರೆ. ಇಣುಕುವುದು ಬೇರೆ, ದುರುಗುಟ್ಟುವುದು ಬೇರೆ. ಆ ದಿನಗಳಲ್ಲಿ ನನ್ನ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಬರೆದುಕೊಂಡೆ: ಇಣುಕುತ್ತಿರುವವರು ಕಣ್ಣಾಡಿಸುವಂತಾಗಬೇಕು, ದುರುಗುಟ್ಟುವ ಕಣ್ಣಿಗೆ ಎದುರು ಕಣ್ಣು ಇರಬೇಕು. ಮುಂದೆ ಏನೇ ಮಾಡುವಾಗಲೂ ಈ ಸಾಲಿನ ಮುಂದೆ ಹಿಡಿದು ನೋಡಿದೆ. ಹಿಡಿದು ನೋಡದೆ ಮಾಡಿದ ಮೊದಲ ಕೆಲಸ ಕೆಟ್ಟಿತು.

ಆ ಮೊದಲ ಕೆಲಸವೆಂದರೆ ಮೆಟ್ಟಿಲು. ಅಂಗಳದ ಉದ್ದಕ್ಕೂ ಮರದ ಐದು ಹಂತ, ರಂಗಮಂದಿರದ ಹಾಗೆ. ನ್ಯೂಯಾರ್ಕಿನಲ್ಲಿ ಹಳೆಯ ರೈಲು ಮೇಲ್ಸೇತುವೆಯ ಮೇಲೆ ಮಾಡಿದ ಹೈಲೈನ್ ಉದ್ಯಾನದಲ್ಲಿ, 2009ರಲ್ಲಿ ತೆರೆದ ಮೊದಲ ಭಾಗದಲ್ಲೇ, ಇಂತಹದೊಂದು ಜಾಗವಿದೆ. ಮೆಟ್ಟಿಲುಗಳ ಮೇಲೆ ಕುಳಿತು ದೊಡ್ಡ ಗಾಜಿನ ಮೂಲಕ ಕೆಳಗಿನ ರಸ್ತೆಯನ್ನು ನೋಡಬಹುದು. ಅದರ ಚಿತ್ರಗಳು ನನ್ನ ತಲೆಯಲ್ಲಿದ್ದವು. ತಾತ್ಕಾಲಿಕ ರಚನೆಯಾಗಿ ಕಟ್ಟಿಸಿದೆ. ಮೊದಲ ದಿನವೇ ತುಂಬಿತು. ಆಡಳಿತದವರಿಗೆ ಬಹಳ ಸಂತೋಷವಾಯಿತು, ಚಿತ್ರಗಳನ್ನು ತೆಗೆದುಕೊಂಡರು.

ನನ್ನ ನಕ್ಷೆಯ ಬಾಣಗಳು ಬೇರೆಯೇ ಹೇಳಿದವು. ಮೆಟ್ಟಿಲ ಮೇಲಿದ್ದವರೆಲ್ಲ ಒಂದೇ ಬಗೆಯವರು, ಕೊರಳಲ್ಲಿ ಚೀಟಿ ಇದ್ದವರು. ಅವರ ಮುಂದೆ, ಕೆಳಗೆ, ಕೆಲಸ ಮಾಡುವವರು: ಗಾಜು ಒರೆಸುವವರು, ಪೆಟ್ಟಿಗೆ ಹೊರುವವರು, ಗಿಡಗಳಿಗೆ ನೀರು ಬಿಡುವವರು. ಎಪ್ಪತ್ತು ಎಂಬತ್ತು ಜೋಡಿ ಕಣ್ಣು ಒಟ್ಟಿಗೆ ಒಂದೇ ಕಡೆಗೆ ತಿರುಗಿದ್ದವು. ಪೆಟ್ಟಿಗೆ ಹೊರುತ್ತಿದ್ದ ಹುಡುಗನೊಬ್ಬ ಅಂಗಳವನ್ನು ನೇರವಾಗಿ ದಾಟುವುದನ್ನು ಬಿಟ್ಟು ಗೋಡೆಯ ಪಕ್ಕದಿಂದ ಸುತ್ತಿ ಹೋಗತೊಡಗಿದ. ಆ ಭಾರ ಹೊತ್ತು, ಅಷ್ಟು ದೂರ. ಕಂಬದ ಮರೆಯ ಮಹಿಳೆ ಆ ವಾರ ನಿಲ್ಲಲೇ ಇಲ್ಲ. ಒಂಬತ್ತನೆಯ ದಿನ ಮೆಟ್ಟಿಲುಗಳನ್ನು ಬಿಚ್ಚಿಸಿದೆ. ಆಡಳಿತದವರಿಗೆ ಸಿಟ್ಟು ಬಂದಿತು. ತುಂಬಿರುವುದನ್ನು ಯಾರು ಬಿಚ್ಚುತ್ತಾರೆ ಎಂದರು. ಹುಡುಗ ಸುತ್ತಿ ಹೋದ ದಾರಿಯನ್ನು ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ತೋರಿಸಿದೆ. ಅವರಲ್ಲಿ ಒಬ್ಬರಿಗಾದರೂ ಅದು ನಾಟಿತು ಎಂದು ಅವರ ಮೌನದಿಂದ ತಿಳಿಯಿತು.

ಅಲ್ಲಿಂದ ಮುಂದೆ ಕೂಡಿಸುವ ಮೊದಲು ಕಳೆಯಲು ಶುರು ಮಾಡಿದೆ. ಹೂದೊಟ್ಟಿಗಳ ಅಂಚಿನಲ್ಲಿ ಯಾರೂ ಕೂರದಂತೆ ಲೋಹದ ಮೊಳೆಗಳನ್ನು ನೆಟ್ಟಿದ್ದರು, ಅವನ್ನು ಕೀಳಿಸಿದೆ. ಮೊಳೆ ಹೋದ ಕಟ್ಟೆ 50 ಸೆಂಟಿಮೀಟರ್ ಎತ್ತರವಿತ್ತು, ಕೂರುವುದಕ್ಕೆ ಒಳ್ಳೆಯ ಎತ್ತರ. ಇದ್ದ ಬೆಂಚುಗಳ ನಡುನಡುವೆ ಕಬ್ಬಿಣದ ಕೈಗಳಿದ್ದವು. ಮಲಗದಂತೆ ತಡೆಯುವ ಈ ಜಾಣತನ ಜಗತ್ತಿನಾದ್ಯಂತ ಇದೆ. 2012ರಲ್ಲಿ ಲಂಡನ್ನಿನಲ್ಲಿ ಬಂದ ಕ್ಯಾಮ್ಡೆನ್ ಬೆಂಚು ಅದರ ತುತ್ತತುದಿ: ಇಳಿಜಾರು ಮೈಯ ಕಾಂಕ್ರೀಟ್ ದಿಮ್ಮಿ, ಮಲಗಲೂ ಆಗದು, ಹೆಚ್ಚು ಹೊತ್ತು ನೆಮ್ಮದಿಯಾಗಿ ಕೂರಲೂ ಆಗದು. ನಡುವಿನ ಕೈಗಳನ್ನು ತೆಗೆಸಿ ಎರಡು ತುದಿಯಲ್ಲಿ ಮಾತ್ರ ಉಳಿಸಿದೆ. ವಯಸ್ಸಾದವರಿಗೆ ಏಳಲು ಊರಿಕೊಳ್ಳುವ ಕೈ ಬೇಕೇ ಬೇಕು. ಎಲ್ಲ ಕೈಗಳನ್ನೂ ಕಿತ್ತುಹಾಕುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು.

ಆಮೇಲೆ ಕುರ್ಚಿಗಳು. ನೆಲಕ್ಕೆ ಕಟ್ಟಿಹಾಕದ, ಒಂದೇ ಕೈಯಲ್ಲಿ ಎತ್ತಬಹುದಾದ 24 ಕುರ್ಚಿ ಕೇಳಿದೆ. ಒಂದೇ ರಾತ್ರಿಯಲ್ಲಿ ಕಳವಾಗುತ್ತವೆ ಎಂದರು. ನ್ಯೂಯಾರ್ಕಿನ ಬ್ರಯಂಟ್ ಪಾರ್ಕಿನ ಕಥೆ ಹೇಳಿದೆ. ಜನ ಹೆದರಿ ದೂರವಿಟ್ಟಿದ್ದ ಆ ಉದ್ಯಾನವನ್ನು 1992ರಲ್ಲಿ ಮತ್ತೆ ತೆರೆದಾಗ ಬೇಲಿ, ಪೊದೆಗಳ ಅಡ್ಡಿ ತೆಗೆದು, ಎಲ್ಲಿಗೆ ಬೇಕಾದರೂ ಎಳೆದುಕೊಳ್ಳಬಹುದಾದ ಕುರ್ಚಿಗಳನ್ನು ಧಾರಾಳವಾಗಿ ಇಟ್ಟರು. ಉದ್ಯಾನ ಜನರಿಂದ ತುಂಬಿತು. ಈ ಉದಾಹರಣೆಗೆ ಆಡಳಿತ ಅರ್ಧ ಮಾತ್ರ ಒಪ್ಪಿತು: ರಾತ್ರಿ ಸರಪಳಿ ಹಾಕುವ ಷರತ್ತಿನ ಮೇಲೆ. ಒಪ್ಪಿಕೊಂಡೆ.

ಕುರ್ಚಿಯನ್ನು ನಾನು ಇಷ್ಟು ಹಚ್ಚಿಕೊಂಡದ್ದಕ್ಕೆ ಕಾರಣವಿದೆ. ಜಾಗ ಬದಲಿಸುವ ಅಗತ್ಯವಿಲ್ಲದಿದ್ದರೂ ಜನ ಕೂರುವ ಮೊದಲು ಕುರ್ಚಿಯನ್ನು ಒಂದು ಗೇಣಾದರೂ ಸರಿಸುತ್ತಾರೆ ಎಂದು ವೈಟ್ ಗಮನಿಸಿದ್ದರು. ನಾನೂ ಅದನ್ನು ದಿನವೂ ಕಂಡೆ. ಆ ಒಂದು ಗೇಣು ಸರಿಸುವುದರಲ್ಲಿ ಈ ಜಾಗ ಸ್ವಲ್ಪ ಹೊತ್ತು ನನ್ನದು ಎನ್ನುವ ಘೋಷಣೆ ಇದೆ. ಬೆಂಚಿಗೆ ವಿನ್ಯಾಸಕಿಯಾದ ನಾನು ದಿಕ್ಕು ನಿರ್ಧರಿಸಿಬಿಡುತ್ತೇನೆ. ಕುರ್ಚಿಗೆ ಕೂರುವವರು ದಿಕ್ಕು ಕೊಡುತ್ತಾರೆ: ಯಾರನ್ನು ನೋಡಬೇಕು, ಯಾರಿಗೆ ಬೆನ್ನು ಮಾಡಬೇಕು, ಎಷ್ಟು ದೂರ ಇರಬೇಕು ಎಲ್ಲವನ್ನೂ. ಹೆಂಗಸರು ಕುರ್ಚಿಯನ್ನು ಗೋಡೆಗೆ ಅಥವಾ ಗಿಡಕ್ಕೆ ಬೆನ್ನಾಗಿ ಇಟ್ಟುಕೊಳ್ಳುತ್ತಿದ್ದರು. ಹದಿಹರೆಯದವರು ಮುಖಾಮುಖಿಯಾಗಿ ಎಳೆದು ಒಂದು ಕೋಟೆ ಕಟ್ಟಿಕೊಳ್ಳುತ್ತಿದ್ದರು. ಪ್ರತಿದಿನ ಎರಡು ಹೊತ್ತು, ಬೆಳಗಿನ ಪಾಳಿ ಮುಗಿದ ಮೇಲೊಮ್ಮೆ, ಸಂಜೆಯೊಮ್ಮೆ, ಕುರ್ಚಿಗಳು ಎಲ್ಲೆಲ್ಲಿ ಉಳಿದಿವೆ ಎಂದು ನಕ್ಷೆ ಬರೆಯತೊಡಗಿದೆ. ಮುಂದಿನ ಬೆಂಚುಗಳ ಜಾಗ, ದಿಕ್ಕು ಎಲ್ಲವೂ ಈ ನಕ್ಷೆಗಳಿಂದಲೇ ಬಂದವು.

ಆದರೆ ಮೊದಲ ಮೂರು ವಾರ ಆ ನಕ್ಷೆಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ದಿನಕ್ಕೆ ಹಲವು ಬಾರಿ ಎಲ್ಲ ಕುರ್ಚಿಗಳೂ ಮತ್ತೆ ಸಾಲಾಗಿ ನಿಂತಿರುತ್ತಿದ್ದವು. ಕಾವಲುಗಾರರು ಜೋಡಿಸುತ್ತಿದ್ದರು. ನಾನು ಮೇಲಧಿಕಾರಿಗೆ ದೂರು ಹೇಳುವವಳಿದ್ದೆ. ಹೇಳದೆ ಒಂದು ಮಧ್ಯಾಹ್ನ ಕಾವಲುಗಾರರ ಜೊತೆಗೇ ನಿಂತೆ. ಅಂಗಳದಲ್ಲಿ ಅತ್ಯಂತ ಹೆಚ್ಚು ಹೊತ್ತು ಜನರನ್ನು ನೋಡುವವರು ಅವರೇ, ದಿನಕ್ಕೆ ಹನ್ನೆರಡು ಗಂಟೆ. ಅವರಿಗೆ ಕೂರುವ ಅನುಮತಿಯೇ ಇರಲಿಲ್ಲ. ಕುಳಿತದ್ದು ಕಂಡರೆ ಸಂಬಳ ಕಡಿತ. ತನಗೆ ಕೂರುವ ಹಕ್ಕಿಲ್ಲದ ಜಾಗದಲ್ಲಿ ಇನ್ನೊಬ್ಬ ಅಪರಿಚಿತ ಕುರ್ಚಿ ಎಳೆದುಕೊಂಡು ಕಾಲು ಚಾಚುವುದನ್ನು ಮನುಷ್ಯ ಎಷ್ಟು ದಿನ ಸಹಿಸಿಯಾನು? ಅವರಿಗೆ ಸಿಕ್ಕಿದ್ದ ಸೂಚನೆಯೂ ಬಾಯಿಮಾತಿನದು: ಅನುಮಾನ ಬರುವಂಥವರನ್ನು ಕೂರಲು ಬಿಡಬೇಡಿ. ಅನುಮಾನ ಎಂದರೇನು ಎಂದು ಕೇಳಿದೆ. ಬಟ್ಟೆ, ಚಪ್ಪಲಿ, ಚೀಲ, ಒಬ್ಬರೇ ಇರುವುದು, ಕೈಯಲ್ಲಿ ಏನೂ ಇಲ್ಲದಿರುವುದು. ನನ್ನ ನೆಪದ ಅಂಕಣವನ್ನೇ ಅವರು ಓದಿ ಹೇಳಿದಂತಾಯಿತು.

ಇಡೀ ಯೋಜನೆಯಲ್ಲಿ ನಾನು ಅತಿ ಹೆಚ್ಚು ಹೋರಾಡಿದ್ದು ಎರಡು ವಿಷಯಕ್ಕೆ, ಎರಡೂ ಮರ ಕಲ್ಲುಗಳ ವಿಷಯವಲ್ಲ. ಮೊದಲನೆಯದು ಕಾವಲುಗಾರರಿಗೆ ಕುರ್ಚಿ. ಎರಡನೆಯದು ಆ ಬಾಯಿಮಾತಿನ ಸೂಚನೆ ಕಾಗದಕ್ಕೆ ಇಳಿಯಬೇಕು, ಮತ್ತು ಅದರಲ್ಲಿ ಒಬ್ಬರು ಏನು ಮಾಡಿದರೆ ತಡೆಯಬಹುದು ಎಂದಿರಬೇಕೇ ಹೊರತು ಹೇಗೆ ಕಾಣಿಸಿದರೆ ಎಂದಿರಬಾರದು. ಕುರ್ಚಿಗೆ ಎರಡು ತಿಂಗಳು ಹಿಡಿಯಿತು, ಕಾಗದಕ್ಕೆ ಐದು. ಬರೆಯಲು ಕುಳಿತಾಗ ಸೂಚನೆಯ ಅರ್ಧ ಭಾಗ ತಾನಾಗಿ ಬಿದ್ದುಹೋಯಿತು. ಬಡವರಂತೆ ಕಾಣುವವರನ್ನು ಎಬ್ಬಿಸಿ ಎಂದು ಸಹಿ ಹಾಕಲು ಯಾರಿಗೂ ಕೈ ಬರಲಿಲ್ಲ. ಕುರ್ಚಿ ಸಿಕ್ಕ ಮೇಲೆ ಕಾವಲುಗಾರರು ಸಾಲು ಜೋಡಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿದರು. ಅವರಲ್ಲಿ ಹಿರಿಯರೊಬ್ಬರು ಯಾವ ಕುರ್ಚಿ ಯಾರಿಗೆ ಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರಾದರು. ಗಾಲಿಕುರ್ಚಿಯಲ್ಲಿ ಬರುವ ಒಬ್ಬ ವೃದ್ಧರಿಗಾಗಿ ಸಾಲಿನ ನಡುವೆ ಜಾಗ ಮಾಡಿ ಕಾಯುತ್ತಿದ್ದರು.

ಆ ನಡುವಿನ ಜಾಗವನ್ನು ನಾನು ಶಾಶ್ವತ ಬೆಂಚುಗಳಿಗೆ ತೆಗೆದುಕೊಂಡೆ. ಸಾಮಾನ್ಯವಾಗಿ ಗಾಲಿಕುರ್ಚಿಯ ಜಾಗವನ್ನು ಸಾಲಿನ ತುದಿಯಲ್ಲಿ ಬಿಡುತ್ತಾರೆ. ತುದಿಯಲ್ಲಿದ್ದವರಿಗೆ ಒಂದೇ ಪಕ್ಕ ನೆರೆಹೊರೆ. ನಾನು 90 ಸೆಂಟಿಮೀಟರ್ ಅಗಲದ ಬಿಡುವನ್ನು ಬೆಂಚಿನ ಮಧ್ಯದಲ್ಲೇ ಇಟ್ಟೆ. ಆಸನದ ಎತ್ತರ 45 ಸೆಂಟಿಮೀಟರ್. ಹಾಗೆ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣೂ ಹೆಚ್ಚುಕಡಿಮೆ ಅಲ್ಲೇ. ನಿಂತು ಕೆಲಸ ಮಾಡುವವರನ್ನು ಯಾರೂ ಮೇಲಿನಿಂದ ಕೆಳಕ್ಕೆ ನೋಡುವಂತಿಲ್ಲ ಎನ್ನುವುದು ನಾನು ಹಾಕಿಕೊಂಡ ಕಟ್ಟುಪಾಡು. ಅಂಗಳದಲ್ಲಿ ಎಲ್ಲಿಯೂ ಎತ್ತರದ ಆಸನವಿಲ್ಲ.

ದೂರದ ಲೆಕ್ಕವೂ ಮುಖ್ಯ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಇದನ್ನು ಬಹಳ ಸ್ಪಷ್ಟವಾಗಿ ವಿವರಿಸಿದ್ದಾರೆ: ಸುಮಾರು 100 ಮೀಟರ್ ದೂರದಿಂದ ಮನುಷ್ಯಾಕೃತಿ ಗೊತ್ತಾಗುತ್ತದೆ, 20ರಿಂದ 25 ಮೀಟರ್ ಒಳಗೆ ಬಂದಾಗ ಮುಖದ ಭಾವ ಓದಬಹುದು. ಕೋಪನ್‌ಹೇಗನ್ನಿನಲ್ಲಿ ಓಡಾಡುವವರು ಕಾಣುವಂತಿದ್ದ ಬೆಂಚುಗಳು ತುಂಬುತ್ತವೆ, ಗಿಡಗಳಿಗೆ ಮುಖ ಮಾಡಿದ ಬೆಂಚುಗಳು ಹೆಚ್ಚಾಗಿ ಖಾಲಿ ಇರುತ್ತವೆ ಎಂದೂ ಅವರು ಕಂಡಿದ್ದರು. ನಮ್ಮ ಅಂಗಳದ ಅಗಲ 40 ಮೀಟರ್. ಒಂದು ಅಂಚಿನಲ್ಲಿ ಕುಳಿತರೆ ಎದುರಿನ ಅಂಚಿನವರು ಬರಿಯ ಆಕೃತಿಗಳು. ಆಕೃತಿಗಳನ್ನು ಅನುಮಾನಿಸುವುದು ಸುಲಭ, ಮುಖ ಕಂಡ ಮೇಲೆ ಅಷ್ಟು ಸುಲಭವಲ್ಲ. ಹಾಗಾಗಿ ಮುಖ್ಯ ನಡಿಗೆದಾರಿಯನ್ನು ಬಾಗಿಸಿ, ಎರಡು ಬದಿಯ ಬೆಂಚುಗಳನ್ನು 18 ಮೀಟರ್ ಅಂತರಕ್ಕೆ ತಂದೆ. ಬೆಂಚುಗಳು ನೇರ ಎದುರುಬದುರಾಗದಂತೆ ಸ್ವಲ್ಪ ಓರೆ ಮಾಡಿದೆ. ನೇರ ಎದುರಿಗಿದ್ದರೆ ಕಣ್ಣು ತಪ್ಪಿಸಲು ತಲೆ ತಗ್ಗಿಸಬೇಕು. ಓರೆಯಿದ್ದರೆ ಬೇಕಾದಾಗ ನೋಡಬಹುದು, ಬೇಡವಾದಾಗ ಕತ್ತು ತಿರುಗಿಸದೆಯೇ ನೋಟ ಬೇರೆಡೆ ಹರಿಯುತ್ತದೆ.

ದೀಪಗಳ ಬಗ್ಗೆ ಒಂದು ಮಾತು. ಸುರಕ್ಷತೆಯ ಹೆಸರಿನಲ್ಲಿ ಅಲ್ಲಿ ಎತ್ತರದ ಕಂಬದಿಂದ ಕಣ್ಣು ಕೋರೈಸುವ ಬೆಳಕು ಸುರಿಯುತ್ತಿತ್ತು. ಕುಳಿತವರು ಬೆಳಕಿನಲ್ಲಿ, ಸುತ್ತಲಿನವರು ಕತ್ತಲಲ್ಲಿ. ಕುಳಿತವರಿಗೆ ಏನೂ ಕಾಣದು, ಅವರು ಮಾತ್ರ ಎಲ್ಲರಿಗೂ ಕಾಣುತ್ತಾರೆ. ಸಂಜೆ ಏಳರ ನಂತರ ನಾನು ಒಬ್ಬಳೇ ಅಲ್ಲಿ ಕೂರಲಾಗದೆ ಎದ್ದುಬಂದಾಗ ಇದರ ಅರ್ಥ ಹೊಳೆಯಿತು. ಆ ದೀಪಗಳ ಪ್ರಖರತೆ ತಗ್ಗಿಸಿ, ಬೆಂಚು, ದಾರಿ, ಗೋಡೆ, ಗಿಡಗಳಿಗೆ ಕೆಳಮಟ್ಟದ ದೀಪಗಳನ್ನು ಸಮವಾಗಿ ಹಂಚಿದೆವು. ಬಂದುಹೋಗುವವರ ಮುಖ ಕುಳಿತವರಿಗೂ ಕಾಣುವಂತಾಯಿತು. ಗಂಡಸರಿಗಿಂತ ಹೆಂಗಸರ ಪಾಲು ಎಷ್ಟಿದೆ ಎಂದು ನೋಡಿದರೆ ಜಾಗ ಚೆನ್ನಾಗಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ವೈಟ್ ನಂಬಿದ್ದರು. ನಮ್ಮಲ್ಲಿ ಸಂಜೆಯ ಹೊತ್ತು ಹೆಂಗಸರು ಹೆಚ್ಚಾಗಿ ಕಾಣತೊಡಗಿದ್ದು ಈ ದೀಪಗಳ ನಂತರವೇ.

ಇಷ್ಟಾದರೂ ಒಂದು ಅಸಮಾಧಾನ ಉಳಿದಿತ್ತು. ಎಲ್ಲರೂ ಕುಳಿತಿದ್ದರು, ಆದರೆ ನೋಡುವ ರೀತಿ ಹಳೆಯದೇ. ಹಾಗಾಗಿ ಶನಿವಾರಗಳಂದು ಒಂದು ಕೂಟ ಶುರು ಮಾಡಿದೆ. ಯಾರು ಬೇಕಾದರೂ ಬರಬಹುದು. ಪರಿಚಯವಿಲ್ಲದ ಇಬ್ಬರನ್ನು ಒಂದು ಬೆಂಚಿನಲ್ಲಿ ಕೂರಿಸುತ್ತಿದ್ದೆ. ಅರ್ಧ ಗಂಟೆ ಸುಮ್ಮನೆ ನೋಡಬೇಕು. ಆಮೇಲೆ ಕಾಗದದ ಮೇಲೆ ಎರಡು ಅಂಕಣ: ಕಂಡದ್ದು, ಊಹಿಸಿದ್ದು. ಒಬ್ಬರು ನಿಧಾನವಾಗಿ ನಡೆದರು ಎನ್ನುವುದು ಕಂಡದ್ದು, ಅವರಿಗೆ ಕೆಲಸವಿಲ್ಲ ಎನ್ನುವುದು ಊಹಿಸಿದ್ದು. ಬರೆಯಲು ಆಗದವರು ಹೇಳುತ್ತಿದ್ದರು, ಜೊತೆಗಿದ್ದವರು ಬರೆದುಕೊಳ್ಳುತ್ತಿದ್ದರು. ಹೆಚ್ಚಿನವರ ಎರಡನೆಯ ಅಂಕಣ ಮೊದಲನೆಯದಕ್ಕಿಂತ ಉದ್ದವಾಗುತ್ತಿತ್ತು. ಇಬ್ಬರ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವಾಗ ಮಾತು ತಾನಾಗಿ ಹುಟ್ಟುತ್ತಿತ್ತು. ಪೊಟ್ಟಣ ತಲುಪಿಸುವ ಹುಡುಗನೊಬ್ಬ ಕಚೇರಿಯವರ ಬಗ್ಗೆ ಬರೆಸಿದ ಊಹೆಗಳನ್ನು ಒಬ್ಬ ಕಚೇರಿಯಾಕೆ ಓದಿದಾಗ ಅವರ ಮುಖ ಬದಲಾಯಿತು. ಅವರಿಬ್ಬರೂ ಕೂಟ ಮುಗಿದ ಮೇಲೂ ಬಹಳ ಹೊತ್ತು ಕುಳಿತಿದ್ದರು. ಆಡಳಿತದ ಅಧಿಕಾರಿಯೊಬ್ಬರು ಒಮ್ಮೆ ಬಂದರು. ಕೈಯಲ್ಲಿ ಏನೂ ಇಲ್ಲದೆ ಕೂರಬೇಕು ಎಂದಾಗ ಒಪ್ಪಿಕೊಂಡರು. ಏಳನೆಯ ನಿಮಿಷಕ್ಕೆ ಮೊಬೈಲ್ ತೆಗೆದರು, ನನ್ನ ಕಡೆ ನೋಡಿ ಮತ್ತೆ ಒಳಗಿಟ್ಟರು. ಕಾವಲುಗಾರರ ಸೂಚನೆಯ ಕಾಗದಕ್ಕೆ ಸಹಿ ಬಿದ್ದದ್ದು ಅದರ ಮುಂದಿನ ವಾರ.

ಒಂದು ಶನಿವಾರ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಕಟ್ಟೆಯ ಮೇಲೆ ಒಬ್ಬರು ಮಲಗಿದ್ದರು. ಕೂಟದ ನಾಲ್ಕೈದು ಮಂದಿ ಅವರ ಬಗ್ಗೆಯೇ ಬರೆಯುತ್ತಿದ್ದರು, ನಾನು ತಡೆಯಲಿಲ್ಲ. ಅವರು ಎದ್ದರು, ಕಾಗದಗಳನ್ನು ಕಂಡರು, ನನ್ನ ಬಗ್ಗೆ ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹೇಳಬಹುದಾಗಿದ್ದದ್ದು ಕ್ಷಮಿಸಿ ಎಂಬ ಮಾತು ಮಾತ್ರ. ಅವರು ಕಾಗದಗಳನ್ನು ಕೇಳಿ ಪಡೆದು, ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಒಂದು ನಡವಳಿಕೆಗೆ ಹೆಸರಿಟ್ಟರು. ಅಪರಿಚಿತರು ಎದುರಾದಾಗ ಒಮ್ಮೆ ನೋಡಿ, ನೀವಿದ್ದೀರೆಂದು ಒಪ್ಪಿ, ಕೂಡಲೇ ನೋಟ ಹಿಂತೆಗೆದುಕೊಳ್ಳುವ ಸೌಜನ್ಯ ಅದು. ಕಂಡೂ ಕಾಣದಂತಿರುವುದು ಎಂದು ನಾವು ಅನ್ನುವುದರಲ್ಲಿ ಅಲಕ್ಷ್ಯದ ಅರ್ಥ ಸೇರಿಕೊಂಡಿದೆ. ಇಲ್ಲಿ ಅಲಕ್ಷ್ಯವಿಲ್ಲ, ಗೌರವವಿದೆ. ಮಲಗಿದ ಮನುಷ್ಯನಿಗೆ ನೋಟವನ್ನು ಹಿಂತಿರುಗಿಸುವ ಅವಕಾಶವೇ ಇಲ್ಲ. ಎದುರು ಕಣ್ಣು ಇರಬೇಕೆಂದು ಮೊದಲ ಪುಟದಲ್ಲೇ ಬರೆದುಕೊಂಡಿದ್ದೆ, ಅಂದು ಅದನ್ನು ನಾನೇ ಮೀರಿದೆ.

ಆಮೇಲೆ ನಿಯಮ ಬದಲಿಸಿದೆವು. ಮಲಗಿದವರನ್ನು, ಅಳುತ್ತಿರುವವರನ್ನು, ಮಕ್ಕಳನ್ನು ಬರೆಯುವಂತಿಲ್ಲ. ಫೋಟೋ ತೆಗೆಯುವಂತಿಲ್ಲ. ಯಾರೇ ಬಂದು ಕೇಳಿದರೂ ಕಾಗದ ತೋರಿಸಬೇಕು, ಬೇಕೆಂದರೆ ಕೊಟ್ಟುಬಿಡಬೇಕು. ಕೂಟ ಮುಗಿದಾಗ ಉಳಿದ ಕಾಗದಗಳನ್ನು ಹರಿಯಬೇಕು. ಒಂದಿಷ್ಟು ಒಳ್ಳೆಯ ಬರಹಗಳು ಹಾಗೆ ಹೋದವು. ಹೋಗಲಿ.

ಎಲ್ಲವೂ ಕೈಗೂಡಿಲ್ಲ. ರಾತ್ರಿ ಒಂಬತ್ತಕ್ಕೆ ಅಂಗಳದ ಬಾಗಿಲು ಈಗಲೂ ಮುಚ್ಚುತ್ತದೆ, ತೆರೆದ ಜಾಗಕ್ಕೆ ಬಾಗಿಲೇ ಏಕೆ ಎಂಬ ನನ್ನ ಪ್ರಶ್ನೆ ಪ್ರತಿ ಸಭೆಯಲ್ಲೂ ಮುಂದಿನ ಸಭೆಗೆ ಹೋಗುತ್ತದೆ. ಪೊಟ್ಟಣ ತರುವ ಹುಡುಗರಲ್ಲಿ ಹಲವರು ಇಂದಿಗೂ ಬೈಕಿನ ಮೇಲೆಯೇ ಕೂರುತ್ತಾರೆ. ಅವರ ಮೊಬೈಲ್ ಯಾವ ಕ್ಷಣದಲ್ಲಾದರೂ ಕರೆಯುತ್ತದೆ, ಬೆಂಚಿನಿಂದ ಬೈಕಿಗೆ ಓಡುವ ಅರ್ಧ ನಿಮಿಷವೂ ಅವರಿಗೆ ದುಬಾರಿ. ಬೈಕು ನಿಲ್ಲಿಸುವ ಜಾಗದ ಪಕ್ಕದಲ್ಲೇ ನೆರಳು, ಒರಗಿ ನಿಲ್ಲಲು ಒಂದು ಕಂಬಿ ಹಾಕಿಸಿದ್ದೇನೆ. ಅದು ಸಾಲದು ಎಂದು ನನಗೂ ಗೊತ್ತು. ಎರಡು ಕುರ್ಚಿಗಳು ಕಳೆದುಹೋದವು. ಸರಪಳಿ ಹಾಕುವುದನ್ನು ಹಿರಿಯ ಕಾವಲುಗಾರರು ಯಾವಾಗಲೋ ತಾವಾಗಿಯೇ ಬಿಟ್ಟುಬಿಟ್ಟಿದ್ದಾರೆ. ಆಡಳಿತಕ್ಕೆ ಗೊತ್ತಿದೆಯೋ ಇಲ್ಲವೋ ನಾನು ವಿಚಾರಿಸಲು ಹೋಗಿಲ್ಲ.

ಕುರ್ಚಿಗಳ ನಕ್ಷೆ ಬರೆಯುವುದನ್ನು ಈಗ ವಾರಕ್ಕೊಮ್ಮೆ ಮಾತ್ರ ಮಾಡುತ್ತೇನೆ. ಕಳೆದ ಕೆಲವು ತಿಂಗಳ ಹಾಳೆಗಳನ್ನು ಮೊನ್ನೆ ಒಂದರ ಮೇಲೊಂದು ಇಟ್ಟು ನೋಡಿದೆ. ಬೆಳಗಿನ ಪಾಳಿ ಮುಗಿದ ಮೇಲೆ ಬರೆದ ಹಾಳೆಗಳಲ್ಲೆಲ್ಲ ಒಂದು ಕುರ್ಚಿ ಮಿಕ್ಕವುಗಳಿಂದ ಬೇರೆಯಾಗಿ, ಆ ಮೂಲೆಯ ಕಂಬದ ಬಳಿ ಇದೆ. ಕಂಬದ ಹಿಂದಲ್ಲ, ಮುಂದೆ, ಒಂದು ಗೇಣು ಬಿಟ್ಟು, ಬೆನ್ನು ಕಂಬಕ್ಕೆ, ಬಾಣ ಅಂಗಳದ ಕಡೆಗೆ.